100 ಹರ್ಟ್ಜ್‌ನಲ್ಲಿ ಮಾಯವಾಗುತ್ತಿದ್ದ ಬೇಸ್: ನನ್ನ ಅನುಭವ

ನನ್ನ ಕೋಣೆಯಲ್ಲಿ ಹಾಡಿನ ಧ್ವನಿಗಳನ್ನು ಬೆರೆಸಿ ಮಿಕ್ಸ್ ಮಾಡುವಾಗ ಕಿಕ್ ಡ್ರಮ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಸಣಕಲಾಗಿ ಕೇಳುತ್ತಿತ್ತು. ಅದೇ ಮಿಕ್ಸ್ ಬೇರೆಡೆ ಹಾಕಿದರೆ ಬೇಸ್ ಗುದ್ದುತ್ತಿತ್ತು. ಕೂರುವ ಜಾಗದಲ್ಲಿ ಅಳತೆಯ ಮೈಕ್ ಇಟ್ಟು ಸ್ವೀಪ್ (ತಗ್ಗು ಸ್ವರದಿಂದ ಎತ್ತರದವರೆಗೆ ಏರುವ ಪರೀಕ್ಷಾ ಶಬ್ದ) ಹಾಕಿದಾಗ ಗ್ರಾಫಿನಲ್ಲಿ 100 ಹರ್ಟ್ಜ್ ಹತ್ತಿರ ಆಳವಾದ ಗುಂಡಿ ಕಂಡಿತು, ಅಂದರೆ ಅಲ್ಲಿ ಶಬ್ದ ತೀರಾ ಕುಗ್ಗಿತ್ತು. ಸ್ಪೀಕರಿನ ಮುಖ ಅದರ ಬೆನ್ನ ಹಿಂದಿನ ಗೋಡೆಯಿಂದ 85 ಸೆಂ.ಮೀ. ದೂರವಿತ್ತು. ಆ ದೂರದ ನಾಲ್ಕು ಪಟ್ಟು ಉದ್ದದ ತರಂಗ, ಅಂದರೆ 3.4 ಮೀಟರಿನದು, ಗೋಡೆಗೆ ಬಡಿದು ಮರಳುವಷ್ಟರಲ್ಲಿ ಅರ್ಧ ಸುತ್ತು ಹಿಂದೆ ಬಿದ್ದು ನೇರ ಶಬ್ದವನ್ನೇ ಅಳಿಸುತ್ತದೆ. ಈಕ್ವಲೈಸರ್‌ನಲ್ಲಿ ಆ ಸ್ವರದ ಮಟ್ಟವನ್ನು ಎತ್ತಿದರೂ ಪ್ರಯೋಜನವಿಲ್ಲ, ಪ್ರತಿಫಲನವೂ ಅಷ್ಟೇ ಏರುತ್ತದೆ. ಒಂದು ಇಂಚಿನ ಫೋಮ್ ಅಂಟಿಸುವುದಂತೂ ದಂಡ. ಅದು ಟ್ರೆಬಲ್ (ಎತ್ತರದ ಸ್ವರಗಳು) ನುಂಗಿ ಕೋಣೆಯನ್ನು ಮಂಕಾಗಿಸುತ್ತದೆ, ಅಷ್ಟೇ.

ಸ್ಪೀಕರನ್ನು ಹಿಂದಕ್ಕೆ ಸರಿಸಿ ಮುಖವನ್ನು ಗೋಡೆಯಿಂದ 40 ಸೆಂ.ಮೀ.ಗೆ ತಂದೆ. ಗುಂಡಿ 215 ಹರ್ಟ್ಜ್ ಕಡೆಗೆ ಜರುಗಿತು. ಆ ಸ್ವರದ ಹತ್ತಿರ 10 ಸೆಂ.ಮೀ. ದಪ್ಪದ ರಾಕ್‌ವೂಲ್ (ಶಬ್ದ ಹೀರುವ ಕಲ್ಲುನಾರು) ಪ್ಯಾನೆಲ್ ನಿಜಕ್ಕೂ ಕೆಲಸ ಮಾಡುತ್ತದೆ. ಪ್ರತಿ ಸ್ಪೀಕರಿನ ಹಿಂದೆ ಒಂದೊಂದು ನಿಲ್ಲಿಸಿದೆ. ಸ್ಪೀಕರಿನ ಪೋರ್ಟ್ (ಗಾಳಿ ಹೊರಬರುವ ತೂತು) ಹಿಂಬದಿಯಲ್ಲಿದ್ದರೆ ಪ್ಯಾನೆಲ್‌ಗೆ ತಾಗಿಸಬೇಡಿ, 5 ಸೆಂ.ಮೀ. ಬಿಡಿ. ಗೋಡೆ ಹತ್ತಿರವಾದದ್ದಕ್ಕೆ ಬೇಸ್ ಉಬ್ಬಿತು, ಸ್ಪೀಕರಿನ ಲೋ ಸ್ವಿಚ್ಚನ್ನು (ಬೇಸ್ ಮಟ್ಟ ಹೊಂದಿಸುವುದು) ಮೈನಸ್ 2 ಡಿಬಿಗೆ ಇಳಿಸಿದೆ.

ಪಕ್ಕದ ಗೋಡೆಯಲ್ಲೂ ಶಬ್ದ ಪ್ರತಿಫಲಿಸುತ್ತದೆ. ಆ ಜಾಗ ಹುಡುಕಲು ಕನ್ನಡಿ ಸಾಕು: ಒಬ್ಬರು ಅದನ್ನು ಗೋಡೆಯುದ್ದಕ್ಕೂ ಸರಿಸಲಿ, ಕೂತವರಿಗೆ ಕನ್ನಡಿಯಲ್ಲಿ ಟ್ವೀಟರ್ (ಎತ್ತರದ ಸ್ವರ ಹೊರಡಿಸುವ ಚಿಕ್ಕ ಸ್ಪೀಕರ್) ಕಂಡಲ್ಲೇ ಪ್ಯಾನೆಲ್.