ಕರಪತ್ರದ ಚೀಲ ಕೆಳಗಿಟ್ಟ ಮೇಲೆ

"ಪ್ರಸಂಗ ಇಲ್ಲ, ಕರಪತ್ರ ಇಲ್ಲ, ಬರೀ ಕಥೆ ಹೇಳಿಕೊಂಡು ಕೂತರೆ ಅದು ಸೇವೆ ಹೇಗಾಗುತ್ತೆ?" ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಕೂಟದಲ್ಲೇ ಎದ್ದು ನಿಂತು ಕೇಳಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಾಗಿ ಆರು ವರ್ಷ. ಈಗ ನಮ್ಮದಲ್ಲದ ಭಾಷೆ, ನಮ್ಮದಲ್ಲದ ರೀತಿನೀತಿಯ ಏಳು ಮನೆಗಳಲ್ಲಿ ವಾರಕ್ಕೊಮ್ಮೆ ಸತ್ಯವೇದದ, ಅಂದರೆ ಬೈಬಲಿನ, ಕಥೆ ನಡೆಯುತ್ತಿದೆ. ಅದರಲ್ಲಿ ಐದು ಕಡೆ ಹೇಳುವವರು ಆ ಮನೆಯವರೇ. ನಾನು ಹೋದರೂ ನಡೆಯುತ್ತೆ, ಹೋಗದಿದ್ದರೂ ನಡೆಯುತ್ತೆ.

ಕಥೆ ಹೇಳಲು ಶುರುಮಾಡುವ ಮುಂಚಿನ ಮೂರು ವರ್ಷ ಮಾಡಿದ್ದೆಲ್ಲ ಸೋತಿತು. ಸುವಾರ್ತೆ ಸಾರುವ ಕೆಲಸಕ್ಕೆಂದು ಸಭೆಯವರು ಕೊಟ್ಟ ಒಂದು ವರ್ಷದ ಕಾಣಿಕೆಯ ಮುಕ್ಕಾಲು ಪಾಲು ಸುರಿದು, ಮೂರು ಭಾಷೆಯಲ್ಲಿ ಹತ್ತಿರ ಹತ್ತಿರ 8,000 ಕರಪತ್ರ ಅಚ್ಚು ಹಾಕಿಸಿದೆವು. ಅನುವಾದ ಮಾಡಿದವರು ಓದಿದವರು, ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಆದರೆ "ಪಾಪ"ಕ್ಕೆ ಅವರು ಹಾಕಿದ ಪದ ಆಡುಮಾತಿನಲ್ಲಿ ಕೋರ್ಟು ಕಚೇರಿಯ ಅಪರಾಧಕ್ಕೆ ಬಳಸುವಂಥದ್ದು. ಕರಪತ್ರ ಓದಿದ ಯಜಮಾನರೊಬ್ಬರು ಅದನ್ನು ಮಡಚಿ ನನ್ನ ಕೈಗೇ ವಾಪಸು ಕೊಟ್ಟು, "ನಮ್ಮ ವಂಶದಲ್ಲಿ ಯಾರೂ ಜೈಲಿಗೆ ಹೋದವರಿಲ್ಲ" ಅಂದರು. ಅವರಿಗೆ ನಿಜವಾಗಿಯೂ ನೋವಾಗಿತ್ತು. ಅರ್ಧಕ್ಕಿಂತ ಹೆಚ್ಚು ಕಟ್ಟುಗಳು ಅಟ್ಟದ ಮೇಲೇ ಗೆದ್ದಲು ಹಿಡಿದವು.

ಆಮೇಲೆ ಸಂಬಳ ಕೊಟ್ಟು ದುಭಾಷಿಯನ್ನು ಇಟ್ಟುಕೊಂಡೆ. ನಾನು ಇಪ್ಪತ್ತು ನಿಮಿಷ ಮಾತಾಡಿದ್ದನ್ನು ಆತ ಐದು ನಿಮಿಷಕ್ಕೆ ಮುಗಿಸುತ್ತಿದ್ದ. ಎಂಟು ತಿಂಗಳಾದ ಮೇಲೆ, ಭಾಷೆ ಸ್ವಲ್ಪ ಕಿವಿಗೆ ಹತ್ತಿದಾಗ ಗೊತ್ತಾಯಿತು: ಆತ ಹೇಳುತ್ತಿದ್ದದ್ದು ಕುಡಿಯಬೇಡಿ, ಸಾಲ ಮಾಡಬೇಡಿ ಅನ್ನುವ ತನ್ನದೇ ಬುದ್ಧಿಮಾತು. ಸತ್ಯವೇದದ ಅಪೊಸ್ತಲರ ಕೃತ್ಯಗಳು ಪುಸ್ತಕದ 14ನೇ ಅಧ್ಯಾಯ ಅವತ್ತು ರಾತ್ರಿ ಬೇರೆ ರೀತಿ ಓದಿಸಿಕೊಂಡಿತು. ಲುಸ್ತ್ರ ಪಟ್ಟಣದಲ್ಲಿ ಜನ ತಮ್ಮ ಲುಕವೋನ್ಯ ಭಾಷೆಯಲ್ಲಿ ಕೂಗುತ್ತಿದ್ದಾರೆ, ಸುವಾರ್ತೆ ಸಾರಲು ಬಂದ ಪೌಲ ಬಾರ್ನಬರನ್ನೇ ದೇವರುಗಳು ಅನ್ನುತ್ತಿದ್ದಾರೆ. ಇವರು ಬಟ್ಟೆ ಹರಿದುಕೊಂಡು ತಡೆಯಲು ಓಡಿದ್ದು ಬಲಿಯ ಎತ್ತು, ಹೂಮಾಲೆ ಬಾಗಿಲ ಹತ್ತಿರ ಬಂದ ಮೇಲೆ. ಪೌಲನಂಥ ಪೌಲನಿಗೇ ಹಾಗಾಯಿತು. ಅಂದಿನಿಂದ ದುಭಾಷಿ ಬೇಡ ಎಂದು ತೀರ್ಮಾನಿಸಿ, ಅದೇ ಸಂಬಳದ ದುಡ್ಡಿನಲ್ಲಿ ಭಾಷೆ ಕಲಿಯಲು ಕೂತೆ.

ಮೂರನೆಯ ಸೋಲನ್ನು ನೆನೆದರೆ ಈಗಲೂ ಸಂಕಟವಾಗುತ್ತೆ. ದಿನಸಿ ಹಂಚಿ, ಹಿಂದೆಯೇ ಪ್ರಾರ್ಥನಾ ಕೂಟ ಇಟ್ಟೆವು. ಅರವತ್ತು ಜನ ಬರುತ್ತಿದ್ದರು. ದಿನಸಿ ನಿಂತ ತಿಂಗಳು ಬಂದವರು ನಾಲ್ಕು. ಆ ನಾಲ್ವರಲ್ಲಿ ಒಬ್ಬಾಕೆ, "ತಿನ್ನೋಕೆ ದೇವರನ್ನು ಬದಲಾಯಿಸಿದಳು ಅಂತ ನಮ್ಮವರು ಆಡಿಕೊಳ್ತಾರೆ" ಎಂದು ಅತ್ತಳು. ಅವಳ ಮಾನ ಕಳೆದದ್ದು ನಾವು. ಚೀನಾದಲ್ಲಿ ಸೇವೆ ಮಾಡಿದ ಜಾನ್ ನೀವಿಯಸ್ 1890ರಲ್ಲಿ ಕೊರಿಯಾಕ್ಕೆ ಹೋಗಿ ಅಲ್ಲಿನ ಮಿಷನರಿಗಳಿಗೆ ಹೇಳಿದ್ದು ಇದನ್ನೇ: ಹೊರಗಿನ ದುಡ್ಡಿನ ಮೇಲೆ ಸಭೆ ಕಟ್ಟಬೇಡಿ. ಇದನ್ನು ನಾನು ಮೊದಲೇ ಓದಿದ್ದೆ, ಓದಿಯೂ ಹಾಗೆ ಮಾಡಿದೆ. ಈಗ ಕಷ್ಟಕ್ಕೆ ಸಹಾಯ ಮಾಡುವವರು ಬೇರೆ, ಅವರು ಪ್ರಾರ್ಥನೆಯ ಮಾತೇ ಎತ್ತುವುದಿಲ್ಲ. ಕಥೆ ಹೇಳುವ ನಾನು ಬರಿಗೈಯಲ್ಲಿ ಹೋಗುತ್ತೇನೆ, ಅವರು ಬಡಿಸಿದ್ದನ್ನು ಉಣ್ಣುತ್ತೇನೆ. ಲೂಕ 10ರಲ್ಲಿ ಕರ್ತನಾದ ಯೇಸು ಸಾರಲು ಕಳಿಸಿದ ಎಪ್ಪತ್ತು ಮಂದಿಗೆ ಹೇಳಿದ್ದೂ ಹಾಗೆಯೇ ಅಲ್ಲವೇ.

ತಿರುವು ಸಿಕ್ಕಿದ್ದು ಒಂದು ಮನೆಯಲ್ಲಿ. ಕಾಯಿಲೆ ಬಿದ್ದಿದ್ದ ಅಜ್ಜಿ, "ನಿಮ್ಮ ದೇವರದ್ದು ಏನಾದರೂ ಕಥೆ ಇದ್ದರೆ ಹೇಳಪ್ಪ" ಅಂದರು. ಪುಸ್ತಕ ತೆಗೆಯಲಿಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಯೇಸುವಿನ ಬಟ್ಟೆಯ ಅಂಚನ್ನು ಗುಟ್ಟಾಗಿ ಮುಟ್ಟಿ ವಾಸಿಯಾದ, ಆಮೇಲೆ ಯೇಸು ಎಲ್ಲರೆದುರು ಮುಂದೆ ಬರುವಂತೆ ಮಾಡಿದ ಹೆಂಗಸಿನ ಕಥೆಯನ್ನು ಅವರದೇ ಭಾಷೆಯಲ್ಲಿ, ತೊದಲುತ್ತಲೇ ಹೇಳಿದೆ. ಮುಗಿಸಿ ಸುಮ್ಮನಾದೆ. ಅಜ್ಜಿ ಹುಬ್ಬು ಗಂಟಿಕ್ಕಿ, "ಗುಟ್ಟಾಗಿ ವಾಸಿಯಾದವಳನ್ನು ಎಲ್ಲರೆದುರು ಯಾಕೆ ಕರೆದ? ಅವಮಾನ ಮಾಡೋಕಾ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ಬಾಗಿಲಲ್ಲಿ ನಿಂತಿದ್ದ ಸೊಸೆ ಹೇಳಿದಳು: "ಇಲ್ಲ ಅತ್ತೆ, 'ಮಗಳೇ' ಅಂದನಲ್ಲ. ಗುಟ್ಟಾಗಿ ಹೇಳಿದ್ದರೆ ಊರು ನಂಬುತ್ತಿತ್ತಾ? ಎಲ್ಲರೆದುರು ಅಂದ. ಇನ್ನು ಅವಳನ್ನು ಯಾರು ದೂರ ಇಡ್ತಾರೆ?"

ಲೂಕ 8ರ ಆ ಭಾಗದ ಮೇಲೆ ಹತ್ತು ಸಲವಾದರೂ ಪ್ರಸಂಗ ಮಾಡಿದ್ದೇನೆ, ಪ್ರತಿ ಸಲವೂ ನಂಬಿಕೆಯ ಬಗ್ಗೆ. ಮರ್ಯಾದೆ ವಾಪಸು ಸಿಕ್ಕಿದ್ದು ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಮುಂದಿನ ವಾರ ಹೋದಾಗ ಅಜ್ಜಿ ಅದನ್ನು ಅಕ್ಕಪಕ್ಕದ ಮೂರು ಮನೆಗೆ ಹೇಳಿ ಮುಗಿಸಿದ್ದರು. ಹನ್ನೆರಡು ವರ್ಷ ಹದಿನೆಂಟಾಗಿತ್ತು. ಸೊಸೆ ತಿದ್ದಿದಳು.

ವಿಧಾನ ಇಷ್ಟೇ. ಒಂದು ಸಲಕ್ಕೆ ಒಂದೇ ಕಥೆ. ಅದು ನನ್ನ ಬಾಯಿಗೆ ಕೂರಲು ನಾಲ್ಕೈದು ದಿನ ಬೇಕು. ಹೇಳಿದ ಮೇಲೆ ಅವರು ತಿರುಗಿ ಹೇಳಬೇಕು. ತಪ್ಪಿದರೆ ಉಳಿದವರೇ ತಿದ್ದಬೇಕು, ನಾನಲ್ಲ. ಪ್ರಶ್ನೆ ಬಂದರೆ "ಕಥೆಯಲ್ಲಿ ಏನಿತ್ತು?" ಎಂದು ಅಲ್ಲಿಗೇ ಕಳಿಸುತ್ತೇನೆ. ಸೃಷ್ಟಿಯಿಂದ ಪುನರುತ್ಥಾನದವರೆಗೆ ನನ್ನ ಹತ್ತಿರ 24 ಕಥೆಗಳಿವೆ, ಮುಗಿಯಲು ಹತ್ತು ತಿಂಗಳು, ಕೆಲವು ಮನೆಯಲ್ಲಿ ಎರಡು ವರ್ಷ. ದೆವ್ವ, ಮಾಟದ ಭಯ ಇರುವಲ್ಲಿ ಮಾರ್ಕ 5ರಲ್ಲಿ ಯೇಸು ದೆವ್ವ ಬಿಡಿಸಿದ, ಸಮಾಧಿಗಳ ಮಧ್ಯದ ಮನುಷ್ಯನ ಕಥೆ ಬೇಗ ಬರುತ್ತೆ. ಮಾನ ಮರ್ಯಾದೆಯೇ ಜೀವ ಅನ್ನುವಲ್ಲಿ ಮನೆ ಬಿಟ್ಟು ಹೋಗಿ ಹಿಂದಿರುಗಿದ ಮಗನನ್ನು ಓಡಿ ಬಂದು ತಬ್ಬಿಕೊಳ್ಳುವ ತಂದೆಯ ಕಥೆ. ಹೊಸ ಮನೆಯಲ್ಲಿ ನಾನು ಕೇಳುವ ಮೊದಲ ಪ್ರಶ್ನೆಯನ್ನೂ, ಆರು ತಿಂಗಳಿಗೆ ಮುಂಚೆ ಎಲ್ಲೂ ಹೇಳದ ಎರಡು ಕಥೆಗಳನ್ನೂ ಇಲ್ಲಿ ಬರೆಯುವುದಿಲ್ಲ. ಜೊತೆಯಲ್ಲಿ ಬಂದು ಕೂರುವವರಿಗೆ ತೋರಿಸುತ್ತೇನೆ.

ನಡುವೆ ಏನೇನೋ ಪರೀಕ್ಷೆ ಮಾಡಿದ್ದುಂಟು. ಅವರಂತೆ ಉಡುಪು ಹಾಕಿ ನೋಡಿದೆ, ಯಾರಿಗೂ ಹಿಡಿಸಲಿಲ್ಲ. ಇಟಲಿಯ ಮಿಷನರಿ ಮತ್ತೆಯೋ ರಿಚ್ಚಿ ಚೀನಾದಲ್ಲಿ ಮೊದಲು ಬೌದ್ಧ ಭಿಕ್ಷುವಿನ ಉಡುಪು ತೊಟ್ಟು, ತಪ್ಪೆಂದು ಗೊತ್ತಾಗಿ 1595ರಲ್ಲಿ ವಿದ್ವಾಂಸರ ಉಡುಪಿಗೆ ಬದಲಾಯಿಸಿದ. ಬಟ್ಟೆ ಬದಲಾಯಿಸುವ ಮುಂಚೆ ಅಲ್ಲಿ ಯಾರಿಗೆ ಯಾವ ಸ್ಥಾನ ಅಂತ ತಿಳಿದಿರಬೇಕು. ನಮ್ಮ ಕೀರ್ತನೆಗಳ ಅನುವಾದವೂ ಕೈಕೊಟ್ಟಿತು, ರಾಗವೇ ಅವರಿಗೆ ಪರಕೀಯ. ಕೊನೆಗೆ ದೇವರನ್ನು ಕುರುಬ ಎನ್ನುವ ಸತ್ಯವೇದದ 23ನೇ ಕೀರ್ತನೆಯನ್ನು ಕಥೆಯಂತೆ ಹೇಳಿ ಬಿಟ್ಟುಬಿಟ್ಟೆ. ಕುರಿ ಕಾಯ್ದು ಬೆಳೆದ ಹುಡುಗನೊಬ್ಬ ತನ್ನ ತಾಯಿಯ ಜೋಗುಳದ ಮಟ್ಟಿನಲ್ಲಿ ಅದನ್ನು ಕಟ್ಟಿದ. ಫೋನಿನಲ್ಲೇ ರೆಕಾರ್ಡ್ ಮಾಡಿ 150 ಮೆಮೊರಿ ಕಾರ್ಡಿಗೆ ಹಾಕಿದೆವು. ಒಂದೂ ಉಳಿಯಲಿಲ್ಲ, ಜನರೇ ಕೇಳಿ ಒಯ್ದರು. ಈಗಿನ ಖರ್ಚು ಮೊದಲಿನದರ ಹತ್ತರಲ್ಲೊಂದು ಪಾಲು, ಅದೂ ಓಡಾಟಕ್ಕೆ.

ಆರು ವರ್ಷದಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವರು ಹನ್ನೊಂದು ಮಂದಿ. ಎಲ್ಲರೂ ತಾವಾಗಿ ಕೇಳಿದವರು. ಇಪ್ಪತ್ನಾಲ್ಕೂ ಕಥೆ ಕೇಳಿ, "ಚೆನ್ನಾಗಿದೆ, ಆದರೆ ನನ್ನ ದಾರಿ ನನಗಿರಲಿ" ಅಂದವರೂ ಇದ್ದಾರೆ. ಅವರ ಮನೆಗೆ ಈಗಲೂ ಹೋಗುತ್ತೇನೆ. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಸಾತ್ವಿಕತೆಯಿಂದ ಉತ್ತರ ಕೊಡಿ ಅನ್ನುತ್ತಾನೆ ಅಪೊಸ್ತಲ ಪೇತ್ರ. ಎಲ್ಲೂ ಒತ್ತಾಯ ಮಾಡಿ ಅಂದಿಲ್ಲ.

ಕೂಟದಲ್ಲಿ ಎದ್ದು ಕೇಳಿದ್ದ ಆ ಹಿರಿಯರನ್ನು ಹೋದ ತಿಂಗಳು ಅಜ್ಜಿಯ ಮನೆಗೆ ಕರೆದುಕೊಂಡು ಹೋಗಿದ್ದೆ. ಅಜ್ಜಿ ಲೂಕ 8ನ್ನೇ ಹೇಳಿದರು, ಹನ್ನೆರಡು ವರ್ಷ ಅಂತಲೇ ಹೇಳಿದರು. ನಾನು ಹಿರಿಯರ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಮುಗಿದ ಮೇಲೆ ಅಜ್ಜಿ ರೂಢಿಯಂತೆ, "ಈಗ ನೀವು ಹೇಳಿ" ಅಂದರು. ಹಿರಿಯರು ಹೇಳಿದರು, ಆದರೆ "ಮಗಳೇ" ಅನ್ನುವ ಮಾತು ಬಿಟ್ಟುಹೋಯಿತು. ಅಜ್ಜಿ ಕೈ ಎತ್ತಿ ನಿಲ್ಲಿಸಿ, ಮೊದಲಿಂದ ಹೇಳಿಸಿದರು.