ಚಾರಣಕ್ಕೆ ಬೆಟ್ಟ ಆರಿಸುವಾಗ ಎತ್ತರ ಒಂದೇ ನೋಡಬೇಡಿ

ಸ್ನೇಹಿತರೇ, ಮೊದಲ ಸಲ ಚಾರಣಕ್ಕೆ ಹೋಗುವವರು ತುಂಬಾ ಜನ ‘ಎಷ್ಟು ಎತ್ತರ?’ ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು, ಕಾಲಿನ ಕೆಳಗೆ ಏನಿದೆ ಅಂತ.

ಸಾವನದುರ್ಗ 1,226 ಮೀಟರ್ ಅಷ್ಟೇ. ಆದರೆ ಅದು ಬರೀ ಬಂಡೆ. ಒಮ್ಮೆ ತುಂತುರು ಮಳೆಯಲ್ಲಿ ಹತ್ತಲು ಹೋಗಿ ಅರ್ಧ ದಾರಿಯಲ್ಲಿ ನಿಂತುಬಿಟ್ಟೆ. ಒದ್ದೆಯಾದ ಕಪ್ಪು ಪಾಚಿಯ ಮೇಲೆ ಶೂ ಸರ್ರನೆ ಜಾರುತ್ತಿತ್ತು, ಕುಳಿತುಕೊಂಡೇ ಇಳಿಯಬೇಕಾಯಿತು. ಬಂಡೆ ಬೆಟ್ಟಕ್ಕೆ ಮಳೆ ದಿನ ಬೇಡವೇ ಬೇಡ. ಬೇಸಿಗೆಯಲ್ಲೂ ಬೆಳಿಗ್ಗೆ ಹತ್ತು ಗಂಟೆಯೊಳಗೆ ಇಳಿದುಬಿಡಿ, ಕಲ್ಲು ಕಾದ ಹೆಂಚಾಗುತ್ತದೆ.

ಕೊಡಗಿನ ತಡಿಯಂಡಮೋಳ್ 1,748 ಮೀಟರ್. ಎತ್ತರ ಜಾಸ್ತಿ, ಆದರೆ ದಾರಿಯ ಬಹುಪಾಲು ಹದವಾದ ಏರು, ಕೊನೆಯಲ್ಲಿ ಮಾತ್ರ ಕಡಿದು. ಹೊಸಬರಿಗೆ ನನ್ನ ಆಯ್ಕೆ ಇದೇ. ಕುಮಾರ ಪರ್ವತ ಇದಕ್ಕಿಂತ ಸ್ವಲ್ಪ ಕಡಿಮೆ, 1,712 ಮೀಟರ್. ಆದರೆ ಕುಕ್ಕೆ ಕಡೆಯಿಂದ ಹತ್ತಿದರೆ ಮಂಡಿ ಅಳುತ್ತದೆ. ಮೊದಲ ಚಾರಣಕ್ಕೆ ಅದು ಬೇಡ.

ಮಳೆಗಾಲದ ಮಲೆನಾಡಿನಲ್ಲಿ ಜಿಗಣೆ ಇರುತ್ತದೆ. ಹೆದರಿ ಎಳೆಯಬೇಡಿ, ಉಗುರನ್ನು ಅದರ ಬಾಯಿಯ ಬದಿಗೆ ಜಾರಿಸಿ ಬಿಡಿಸಿ. ಹುಲ್ಲುಗಾವಲು ನೋಡಬೇಕಾದರೆ ಅಕ್ಟೋಬರ್‌ನಿಂದ ಡಿಸೆಂಬರ್ ಚೆನ್ನ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಹಲವು ದಾರಿ ಮುಚ್ಚುತ್ತದೆ. ಹೊರಡುವ ಮೊದಲು ಅನುಮತಿ ವಿಚಾರಿಸಿ, ಸುಮ್ನೆ ಅಲ್ಲಿವರೆಗೆ ಹೋಗಿ ವಾಪಸ್ ಬರುವುದು ಯಾಕೆ, ಅಲ್ವಾ?

ಗೋಕರ್ಣದ ಕಡಲ ದಾರಿಯಲ್ಲಿ ಹತ್ತುವ ಕಷ್ಟ ಕಡಿಮೆ, ನೀರು ಮಾತ್ರ ಎರಡು ಲೀಟರ್ ಇರಲಿ.