ಲಾರಿಗೆ ಕೈ ಅಡ್ಡ ಹಿಡಿಯುವ ಮುನ್ನ

ಅಂಕೋಲೆಗೆ ಹೊರಟು ಮೊದಲ ಸಲ ಲಾರಿಗೆ ಕೈ ಅಡ್ಡ ಹಿಡಿದಾಗ ನಾನು ನಿಂತ ಜಾಗವೇ ತಪ್ಪಾಗಿತ್ತು. ಜುಲೈ ತಿಂಗಳು. ಹುಬ್ಬಳ್ಳಿಯಿಂದ ಕಲಘಟಗಿಯವರೆಗೆ ಬಸ್ಸಿನಲ್ಲಿ ಬಂದು, ಊರಾಚೆಯ ಇಳಿಜಾರಿನ ತಿರುವಿನಲ್ಲಿ, ಮಳೆಗೆ ಆಸರೆಯೆಂದು ಮರದ ಕೆಳಗೆ ನಿಂತೆ. ಎರಡು ಗಂಟೆ ಕಳೆದರೂ ಒಂದೂ ನಿಲ್ಲಲಿಲ್ಲ. ಎಮ್ಮೆ ಹೊಡೆದುಕೊಂಡು ಬಂದ ಅಜ್ಜ ಒಬ್ಬರು, 'ಇಲ್ಲಿ ನಿಂತರೆ ನೀನು ಯಾರ ಕಣ್ಣಿಗೆ ಬೀಳುತ್ತೀಯ ತಮ್ಮಾ? ಹಂಪ್ ಹತ್ತಿರ ಹೋಗು' ಎಂದರು. ನಿಜ. ಸರಕು ತುಂಬಿದ ಲಾರಿ ಇಳಿಜಾರಿನಲ್ಲಿ ಥಟ್ಟನೆ ನಿಲ್ಲಲಾರದು. ಡ್ರೈವರ್ ನಮ್ಮನ್ನು ದೂರದಿಂದಲೇ ಕಾಣಬೇಕು, ನಂಬಬೇಕೋ ಬೇಡವೋ ಎಂದು ಯೋಚಿಸಬೇಕು, ಆಮೇಲೆ ರಸ್ತೆ ಬಿಟ್ಟು ಪಕ್ಕಕ್ಕೆ ಇಳಿಯಲು ಜಾಗವೂ ಇರಬೇಕು. ಹಂಪ್ ಬಳಿ ಹೋದ ಹತ್ತೇ ನಿಮಿಷಕ್ಕೆ ಲಾರಿ ಸಿಕ್ಕಿತು. ಅದಕ್ಕಿಂತಲೂ ಒಳ್ಳೆಯ ಜಾಗ ಢಾಬಾ. ಡ್ರೈವರ್ ಕುಡಿದಿದ್ದಾರೋ ಇಲ್ಲವೋ ಅಲ್ಲಿ ನಾಲ್ಕು ಮಾತಿನಲ್ಲಿ ತಿಳಿಯುತ್ತದೆ. ಚೆಕ್‌ಪೋಸ್ಟ್ ಎದುರು ಮಾತ್ರ ನಿಲ್ಲಬೇಡಿ. ಸರಕು ಲಾರಿಯಲ್ಲಿ ದುಡ್ಡು ಪಡೆದು ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ; ಆ ಭಯ ಅವರಿಗೆ ಇದ್ದೇ ಇರುತ್ತದೆ.

ನಿಂತ ಲಾರಿಯವರನ್ನು 'ಅಂಕೋಲೆ ಕಡೆಗಾ ಅಣ್ಣಾ?' ಎಂದು ಕೇಳಿದೆ. ಹೌದೆಂದರು. ಅವರು ಸುಳ್ಳು ಹೇಳಲಿಲ್ಲ, ನಾನು ಕೇಳಿದ್ದು ಸರಿಯಿರಲಿಲ್ಲ. ಸಿಮೆಂಟು ಇಳಿಸಬೇಕಾಗಿದ್ದುದು ಯಲ್ಲಾಪುರದಲ್ಲಿ. ರಾತ್ರಿ ಎಂಟೂವರೆಗೆ, ಮುಚ್ಚಿದ ಪಾನ್ ಅಂಗಡಿಯ ತಗಡಿನ ಕೆಳಗೆ ಚೀಲ ತಬ್ಬಿಕೊಂಡು ನಿಂತಿದ್ದೆ. ಈಗ ಹತ್ತುವ ಮೊದಲೇ ಲಾರಿ ಯಾವ ಊರಿಗೆ, ನನ್ನನ್ನು ಎಲ್ಲಿ ಇಳಿಸುತ್ತಾರೆ, ದುಡ್ಡು ಕೇಳುತ್ತಾರೆಯೇ ಎಂದು ಬಾಯಿಬಿಟ್ಟು ಕೇಳುತ್ತೇನೆ. ಗಾಡಿಯ ನಂಬರನ್ನು ಅಕ್ಕನ ಮೊಬೈಲಿಗೆ ಕಳಿಸುತ್ತೇನೆ. ಚೀಲ ತೊಡೆಯ ಮೇಲೇ ಇರುತ್ತದೆ.

ದೊಡ್ಡ ತಪ್ಪು ಇನ್ನೂ ಬಾಕಿ ಇತ್ತು. ವಿಜಯಪುರದಿಂದ ಮಂಗಳೂರಿಗೆ ಹೊರಟಿದ್ದ ಈರುಳ್ಳಿ ಲಾರಿಯವರು ನನ್ನ ಅವಸ್ಥೆ ಕಂಡು ಹತ್ತಿಸಿಕೊಂಡರು. ಒದ್ದೆ ಬಟ್ಟೆ, ಕಾಲಿಗೆ ತಾಗುವ ಎಂಜಿನ್ ಬಿಸಿ, ಗಾಜಿನ ಮೇಲೆ ಒಂದೇ ಲಯದಲ್ಲಿ ಆಡುವ ವೈಪರ್. ಅರಬೈಲು ಘಟ್ಟ ಶುರುವಾಗುವ ಮೊದಲೇ ನನಗೆ ಜೊಂಪು ಹತ್ತಿತು. ಡ್ರೈವರ್ ಭುಜ ಅಲುಗಿಸಿದರು. 'ಕ್ಲೀನರ್ ಇವತ್ತು ಬಂದಿಲ್ಲ. ನಿನ್ನನ್ನು ಹತ್ತಿಸಿಕೊಂಡಿದ್ದು ಮಾತಿಗೆ ತಮ್ಮಾ. ನೀನು ಮಲಗಿದರೆ ನನಗೂ ನಿದ್ದೆ ಬರುತ್ತದೆ.'

ನನ್ನ ನಿದ್ದೆ ಹಾರಿಹೋಯಿತು. ಸಣ್ಣ ಗೇರಿನಲ್ಲಿ ಎಂಜಿನ್ ಗುಡುಗುತ್ತಿತ್ತು. ಪ್ರತಿ ತಿರುವಿನಲ್ಲೂ ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಕಾಡಿನ ಕತ್ತಲಿಗೆ ಹೋಗಿ ಮರಳುತ್ತಿತ್ತು. ಈರುಳ್ಳಿಯ ದರ ಕೇಳಿದೆ, ಅವರ ಊರಿನ ಮಳೆ ಕೇಳಿದೆ, ಹತ್ತನೆಯ ತರಗತಿಯ ಮಗಳ ವಿಷಯ ಕೇಳಿದೆ. ಮಗಳ ಮಾತು ಬಂದ ಮೇಲೆ ನಾನು ಕೇಳುವ ಅಗತ್ಯವೇ ಬೀಳಲಿಲ್ಲ. ಘಟ್ಟ ಇಳಿದು ಸುಂಕಸಾಳ ತಲುಪಿದಾಗ ಚಹಾಕ್ಕೆ ನಿಲ್ಲಿಸಿದರು. ಬಾಡಿಗೆಯ ದುಡ್ಡು ಬೇಡವೆಂದರು. ಚಹಾದ ದುಡ್ಡು ನಾನು ಕೊಟ್ಟಾಗ ಬೇಡವೆನ್ನಲಿಲ್ಲ.